ಹಟಕ್ಕೆ ನೆಟ್ಟ ಹುಣಸೆ

ತಮಿಳುನಾಡಿನ ಹೊಸೂರು ಕಡೆಯ ಸೂಳಗಿರಿಯಿಂದ ನಾಲ್ಕು ಮೈಲಿ ಒಳಗಿರುವ ದಿನ್ನೇಹಳ್ಳಿಯಲ್ಲಿ ಬೈರಮ್ಮನ ಬಾಯಿಗೆ ಬೀಳದೆ ಉಳಿದವರು ಯಾರೂ ಇಲ್ಲ. ಊರ ಗಂಡಸರನ್ನು ಅವಳು ಎರಡೇ ಗುಂಪು ಮಾಡಿದ್ದಾಳೆ: ಕಂಪನಿಗೆ ಜಮೀನು ಮಾರಿ ಕೂತವರು, ಮಾರುವುದಕ್ಕೆ ಕಾದು ಕೂತವರು. "ಇಬ್ರೂ ಕುಂತೇ ಅವ್ರಲ್ಲ, ಈಟೊತ್ಗೆ ತಲೆಗೊಂದ್ ಬುಟ್ಟಿ ಹೆಣೆದಿದ್ರೂ ಊರಿಗಾಗಿ ಮಿಗೋದು" ಎನ್ನುತ್ತಾಳೆ. ಮಾತಾಡುವಾಗ ಎಡಗಣ್ಣು ಅರ್ಧ ಮುಚ್ಚಿ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಹುಣಸೆಹಣ್ಣು ತಿಂದೂ ತಿಂದೂ ಮುಖ ಹಾಗಾಗಿದೆ ಎಂದು ಊರವರು ಹೇಳುತ್ತಾರೆ. ಹಣ್ಣು ತಿಂದು ಅಲ್ಲ, ನಿಮ್ಮ ಮುಖಗಳನ್ನು ನೋಡಿ ನೋಡಿ ಎಂದು ಅವಳು ತಿರುಗಿ ಹೇಳುತ್ತಾಳೆ.

ವಯಸ್ಸು ಐವತ್ತರ ಆಸುಪಾಸು. ಒಂದೂವರೆ ಎಕರೆ ಹೊಲ, ಅದರಲ್ಲಿ ರಾಗಿ, ಬಾವಿಯ ಪಕ್ಕದ ಮಡಿಗಳಲ್ಲಿ ಕೊತ್ತಂಬರಿ, ಪುದೀನ. ಎರಡು ಹಸು. ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುವ ಮಗಳು ರಮ್ಯ. ಇವೆಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಮನೆಯ ಮುಂದಿನ ಹುಣಸೆಮರ. ನಾಲ್ಕು ಜನ ಕೈಕೈ ಹಿಡಿದು ತಬ್ಬುವಷ್ಟು ದಪ್ಪವೇನೂ ಅಲ್ಲ, ಇಪ್ಪತ್ತೈದು ವರ್ಷದ ಮರಕ್ಕೆ ಅಷ್ಟು ಮೈ ಎಲ್ಲಿಂದ ಬರಬೇಕು. ಆದರೂ ಮನೆಯ ಹೆಂಚನ್ನೂ ದಾಟಿ, ಪಕ್ಕದ ಕಾಂಪೌಂಡನ್ನೂ ದಾಟಿ ಕೊಂಬೆ ಚಾಚಿದೆ. ಯಾರನ್ನೂ ಕೇಳಿ ಬೆಳೆದ ಮರವಲ್ಲ ಅದು. ನೆಟ್ಟಿದ್ದೂ ಪ್ರೀತಿಯಿಂದಲ್ಲ.

ರಮ್ಯ ಆಗ ಮೊಲೆಹಾಲು ಕುಡಿಯುವ ಕೂಸು. ಬೈರಮ್ಮನ ಗಂಡ ಪಾಪಯ್ಯ ಸುತ್ತಲಿನ ಮನೆಗಳ ಹಾಲು ಕರೆಸಿ, ಕ್ಯಾನುಗಳನ್ನು ಸೈಕಲ್ಲಿಗೆ ತೂಗುಹಾಕಿ ಹೈವೇ ಪಕ್ಕದ ಡೇರಿಗೆ ಒಯ್ಯುತ್ತಿದ್ದ. ಅವನ ಅಕ್ಕ ಪಿಳ್ಳಮ್ಮನನ್ನು ಅದೇ ಊರಿಗೆ ಕೊಟ್ಟಿತ್ತು. ಪಿಳ್ಳಮ್ಮನ ಹೊಲದ ಬದುವಿನಲ್ಲಿ ಮೂರು ಹಳೆಯ ಹುಣಸೆಮರಗಳಿದ್ದವು. ಆ ಮೂರು ಮರಗಳನ್ನು ತಾನೇ ಹೆತ್ತವಳ ಹಾಗೆ ಅವಳು ನಡೆಯುತ್ತಿದ್ದಳು. ಒಂದು ಸಂಜೆ ಸಾರಿಗೆ ಹುಳಿಯಿಲ್ಲದೆ ಬೈರಮ್ಮ ಪಿಳ್ಳಮ್ಮನ ಬಾಗಿಲಿಗೆ ಹೋದಳು. ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಪಿಳ್ಳಮ್ಮ ಗುಡಾಣಕ್ಕೆ ಕೈಹಾಕಿ ಒಂದು ಉಂಡೆ ತೆಗೆದಳು, ನೋಡಿದಳು, ಅದರಲ್ಲಿ ಅರ್ಧ ಕಿತ್ತು ಮತ್ತೆ ಗುಡಾಣಕ್ಕೇ ಹಾಕಿದಳು. ಆಮೇಲೆ ಜಗಲಿಯ ಕಡೆ ತಿರುಗಿ, "ನಮ್ ತಮ್ಮನ ಎಂಡ್ರು ನೋಡ್ರಮ್ಮ, ಉಣಸೆಅಣ್ಗೂ ಕೈಯೊಡ್ಡೋ ಗತಿ ಬಂದೈತೆ" ಎಂದಳು. ಹೆಂಗಸರು ನಕ್ಕರು.

ಬೈರಮ್ಮ ಆ ಅರ್ಧ ಉಂಡೆಯನ್ನು ಹೊಸ್ತಿಲ ಮೇಲಿಟ್ಟು ಬಂದಳು. ಅವತ್ತು ಟೊಮ್ಯಾಟೊ ಹಾಕಿ ಸಾರು ಮಾಡಿದಳು. ಮಾರನೇ ದಿನ ಬೆಳಗ್ಗೆ ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ್ದ ಗೇಣುದ್ದದ ಹುಣಸೆಸಸಿಯೊಂದನ್ನು ಬೇರುಮಣ್ಣಿನ ಸಮೇತ ಎತ್ತಿ ತಂದು ಮನೆಯ ಮುಂದೆ ಗುಂಡಿ ತೋಡಿದಳು. ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ಪಿಳ್ಳಮ್ಮನ ಜಗಲಿಯಿಂದ ಹಿತ್ತಲು ಕಾಣುತ್ತಿರಲಿಲ್ಲ.

ಊರು ಬಾಯಿ ಬಡಿದುಕೊಂಡಿತು. ಮನೆಯ ಮುಂದೆ ಯಾರಾದರೂ ಹುಣಸೆ ನೆಡುತ್ತಾರಾ? ಅದರ ಗಾಳಿ ಒಳ್ಳೆಯದಲ್ಲ, ಅದರ ಕೆಳಗೆ ಮಲಗಿದವರ ಮೈ ಜಡವಾಗುತ್ತದೆ, ಗಾಳಿ ಗ್ರಹ ಬಂದು ಸೇರುವುದೇ ಅದರಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ನೆಟ್ಟವರು ಅದರ ಹಣ್ಣು ತಿನ್ನುವುದಕ್ಕೆ ಬದುಕಿರುವುದಿಲ್ಲ. ಹೀಗೆ ಹೇಳಿದವರೆಲ್ಲ ದಿನಕ್ಕೆರಡು ಸಲ ಹುಳಿ ಹಿಂಡಿಕೊಂಡು ಮುದ್ದೆ ನುಂಗುವವರೇ. ಹಾಗಾದರೆ ಇಷ್ಟೊಂದು ಮರಗಳನ್ನು ನೆಟ್ಟವರು ಯಾರು ಎಂದು ಬೈರಮ್ಮ ತಿರುಗಿ ಕೇಳುತ್ತಿದ್ದಳು.

ಪಾಪಯ್ಯ ಮೆತ್ತಗಿನ ಮನುಷ್ಯ. ಅವನಿಗೂ ಹೆದರಿಕೆಯೇ. "ಬ್ಯಾಡ ಕಣಮ್ಮಿ, ಸಂತೆಯಿಂದ ಎಲ್ಡು ಕೇಜಿ ತಂದಾಕ್ತೀನಿ" ಎಂದ.

"ಎಲ್ಡು ಕೇಜಿ ಮುಗುದ್‌ಮ್ಯಾಕೆ?"

"ಇನ್ನೆಲ್ಡು ತತ್ತೀನಿ."

"ನಿಮ್ಮಕ್ಕನ ಬಾಯ್ಗೂ ಎಲ್ಡು ಕೇಜಿ ತಂದು ತುರುಕ್ತೀಯಾ? ಓಗು, ಆಲು ಕೆಡ್ತದೆ."

ಪಾಪಯ್ಯ ಹೋದ. ಸಂಜೆ ಬರುವಾಗ ಕ್ಯಾರಿಯರ್ ಮೇಲೆ ಜಾಲಿಮುಳ್ಳಿನ ಕಂತೆ ಇತ್ತು. ಸೈಕಲ್ಲಿನಿಂದ ಇಳಿದವನೇ ಸಸಿಯ ಸುತ್ತ ಬೇಲಿ ಕಟ್ಟಿದ. ಆಮೇಲೆ ಕ್ಯಾನು ತೊಳೆದ ನೀರನ್ನು ದಿನಾ ಅದಕ್ಕೇ ಸುರಿಯುತ್ತಿದ್ದ. ಸಸಿಗೆ ಹೆದರಿದನೋ ಹೆಂಡತಿಗೆ ಹೆದರಿದನೋ, ಅಂತೂ ಸುರಿಯುತ್ತಿದ್ದ.

ಎರಡು ವರ್ಷ ಕಳೆದ ಮೇಲೆ ಮಾರ್ಗಶಿರದ ಒಂದು ಮುಂಜಾನೆ, ದಟ್ಟ ಮಂಜಿನಲ್ಲಿ ಹೈವೇ ದಾಟುತ್ತಿದ್ದ ಪಾಪಯ್ಯನಿಗೆ ಲಾರಿಯೊಂದು ಬಡಿಯಿತು. ಊರವರು ಓಡಿ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಹಾಲು ಹರಿದು ಚರಂಡಿ ಸೇರಿತ್ತು. ಸೈಕಲ್ಲು ಒಂದು ಕಡೆ, ಅವನು ಒಂದು ಕಡೆ.

ಹೆಣ ಮನೆಗೆ ಬಂದ ಗಳಿಗೆಯಲ್ಲೇ ಪಿಳ್ಳಮ್ಮ ಎದೆ ಬಡಿದುಕೊಂಡು, "ಮರ ನೆಟ್ಟು ನನ್ ತಮ್ಮನ್ನ ನುಂಗ್‌ಬುಟ್ಯಲ್ಲೇ" ಎಂದು ಕಿರುಚಿದಳು. ಅಲ್ಲಿದ್ದ ಒಬ್ಬರಾದರೂ ಸುಮ್ಮನಿರು ಎನ್ನಲಿಲ್ಲ. ಮಂಜಿಗೆ, ಲಾರಿಗೆ, ದೀಪವಿಲ್ಲದ ತಿರುವಿಗೆ ಯಾರೂ ಬೈಯಲಿಲ್ಲ. ಸೊಂಟದೆತ್ತರ ಬೆಳೆದಿದ್ದ ಒಂದು ಗಿಡಕ್ಕೆ ಬೈದರು, ಅದನ್ನು ನೆಟ್ಟವಳಿಗೆ ಬೈದರು.

ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಬೈರಮ್ಮ ಒಳಗಿನಿಂದ ಮಚ್ಚು ತಂದಳು. ಇದನ್ನು ಅವಳು ಈಗಲೂ ಯಾರಿಗೂ ಹೇಳುವುದಿಲ್ಲ, ಆದರೆ ಅವತ್ತು ಅವಳು ನಂಬಿಬಿಟ್ಟಿದ್ದಳು. ಹತ್ತು ದಿನ ಎಲ್ಲರೂ ಒಂದೇ ಮಾತು ಹೇಳಿದರೆ ಎಂಥವರ ತಲೆಯಾದರೂ ತಿರುಗುತ್ತದೆ. ಬೇಲಿ ಕಿತ್ತೆಸೆದು ಬುಡಕ್ಕೆ ಒಂದು ಏಟು ಹಾಕಿದಳು. ತೊಗಟೆ ಸೀಳಿತು. ಎರಡನೆಯ ಏಟಿಗೆ ಕೈ ಎತ್ತಿದಾಗ ಪಕ್ಕದ ಮನೆಯ ಆವುಲಪ್ಪ ಕಾಂಪೌಂಡಿಗೆ ಒರಗಿ ನಿಂತು ಬೇವಿನಕಡ್ಡಿ ಜಗಿಯುತ್ತಿರುವುದು ಕಂಡಿತು. ಆಗ ಅವನಿನ್ನೂ ಇಪ್ಪತ್ತರ ಪಡ್ಡೆ.

"ಕಡಿಯಕ್ಕಾ ಕಡಿ" ಎಂದ ಅವನು. "ಆವಾಗ್ಲೇ ಕಡ್ದಿದ್ರೆ ಅಣ್ಣ ಉಳ್ಕೋತಿದ್ದ."

ಬೈರಮ್ಮನ ಕೈ ಇಳಿಯಿತು. ಅವನ ಹಲ್ಲು, ಹಲ್ಲಿನ ಸಂದಿಯ ಬೇವಿನ ನಾರು, ಆ ತಿಳಿದವನ ನೋಟ, ಎಲ್ಲವನ್ನೂ ನೋಡಿದಳು. ಗಂಡ ಸತ್ತ ದುಃಖದ ಒಳಗೆ ಇನ್ನೇನೋ ಒಂದು ಗಟ್ಟಿಯಾದದ್ದು ಎದ್ದು ನಿಂತಿತು.

"ನಿನ್ ಮಾತ್ಗೆ ಕಡೀತೀನೇನ್ಲಾ? ನೀನ್ ಯೋಳ್ದಂಗೆ ಮಾಡಕ್ಕೆ ನಂಗಿನ್ನೂ ಅಷ್ಟು ಬುದ್ಧಿ ಕೆಟ್ಟಿಲ್ಲ" ಎಂದು ಮಚ್ಚು ಸೊಂಟಕ್ಕೆ ಸಿಕ್ಕಿಸಿ, ಕಿತ್ತೆಸೆದ ಮುಳ್ಳನ್ನು ಮತ್ತೆ ಬರಿಗೈಯಲ್ಲೇ ಹೆಕ್ಕಿ ತಂದು ಬೇಲಿ ಕಟ್ಟಿದಳು. ಕೈಯೆಲ್ಲ ರಕ್ತ.

ಅಲ್ಲಿಂದ ಏಳೆಂಟು ವರ್ಷ ಅವಳು ದುಡಿದ ರೀತಿ ಊರಿಗೆ ಗೊತ್ತು. ಗೊತ್ತಿಲ್ಲದ್ದು ಒಂದಿತ್ತು. ಮರ ಎತ್ತರವಾದಷ್ಟೂ ಅವಳ ಹೆದರಿಕೆಯೂ ಬೆಳೆಯುತ್ತಿತ್ತು. ನೆಟ್ಟವರು ಹಣ್ಣು ತಿನ್ನುವುದಿಲ್ಲ. ಹಗಲು ಹೊತ್ತು ಆ ಮಾತನ್ನು ಉಗಿಯುತ್ತಿದ್ದಳು. ಆದರೆ ಮರ ಮೊದಲ ಸಲ ಹೂಬಿಟ್ಟ ಬೇಸಿಗೆಯಲ್ಲಿ, ಹಳದಿ ಹೂವಿನ ಮೇಲೆ ಜೇನು ಗುಂಯ್‌ಗುಟ್ಟುವುದು ಕೇಳಿದಾಗ, ರಮ್ಯಳಿಗೆ ಇನ್ನೂ ಹತ್ತು ತುಂಬಿಲ್ಲ ಎಂದು ಎಣಿಸಿಕೊಂಡಳು.

ಮಾಘದಲ್ಲಿ ಕಾಯಿ ಹಣ್ಣಾದವು. ಒಂದು ಬೆಳಗ್ಗೆ ಮಗಳನ್ನು ಸ್ಕೂಲಿಗೆ ಕಳಿಸಿ, ಹಸುವಿಗೆ ಮೇವು ಹಾಕಿ, ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಳು. ಪೆಟ್ಟಿಗೆಯ ಬೀಗದ ಕೈ ರಮ್ಯಳ ಪುಸ್ತಕದ ಚೀಲದ ಗೂಟಕ್ಕೆ ಕಟ್ಟಿದಳು. ಆಮೇಲೆ ಕೆಳಗಿನ ಕೊಂಬೆಯಿಂದ ಮೂರು ಹಣ್ಣು ಕಿತ್ತು, ಓಡು ಒಡೆದು, ನಾರು ತೆಗೆದು, ಒಂದಾದ ಮೇಲೆ ಒಂದು ತಿಂದಳು. ಹುಳಿಗೆ ಕಣ್ಣಲ್ಲಿ ನೀರು ಬಂತು. ಚಾಪೆ ಹಾಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ನೆಟ್ಟಗೆ ಮಲಗಿ ಕಾದಳು.

ಮಧ್ಯಾಹ್ನವಾಯಿತು. ಹಸಿವಾಯಿತು. ಸಾಯುವವಳು ಊಟ ಮಾಡುವುದು ಸರಿಯಲ್ಲವೆಂದು ಸುಮ್ಮನಿದ್ದಳು. ಬಿಸಿಲು ಗೋಡೆ ಹತ್ತಿತು. ಸಾಯಂಕಾಲಕ್ಕೆ ಕೊಟ್ಟಿಗೆಯಲ್ಲಿ ಹಸು ಒಂದೇ ಸಮನೆ ಕೂಗತೊಡಗಿತು, ಕೆಚ್ಚಲು ಬಿಗಿದಿತ್ತು. ಐದು ನಿಮಿಷ ತಡೆದಳು, ಹತ್ತು ನಿಮಿಷ ತಡೆದಳು. ಕೊನೆಗೆ ಎದ್ದು, ಒಳ್ಳೆಯ ಸೀರೆ ಎತ್ತಿ ಕಟ್ಟಿ, ಚೊಂಬು ತೆಗೆದುಕೊಂಡು ಹಾಲು ಕರೆಯಲು ಕೂತಳು. ಕರೆಯುತ್ತ ಕರೆಯುತ್ತ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಟು ವರ್ಷ! ಎಂಟು ವರ್ಷ ಈ ಊರಿನ ಹರಕು ಮಾತೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದೆನಲ್ಲ! ಅವತ್ತು ಅವಳ ತುಟಿ ಸೊಟ್ಟಗಾದದ್ದು ಮತ್ತೆ ನೆಟ್ಟಗಾಗಲಿಲ್ಲ.

ಮರ ಫಲಕ್ಕೆ ಬಂದ ಮೇಲೆ ಊರು ನಿಧಾನವಾಗಿ ಅವಳ ಬಾಗಿಲಿಗೆ ಬರತೊಡಗಿತು. ಗಾಳಿ ಗ್ರಹ ಎಂದವರೆಲ್ಲ ಬಂದರು. ಚೈತ್ರದಲ್ಲಿ ಕೆಂಪಗೆ ಚಿಗುರು ಬಿಟ್ಟರೆ ಅವರೆಬೇಳೆ ಹಾಕಿ ಮಸ್ಸೊಪ್ಪು ಮಾಡಲು ಮಡಿಲು ತುಂಬ ಕಿತ್ತುಕೊಂಡು ಹೋದರು. ಎಳೆಗಾಯಿ ಬಂದಾಗ ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ ತೊಕ್ಕು ಮಾಡಿದರು. ಹಬ್ಬ ಹತ್ತಿರ ಬಂದರೆ ಹಿತ್ತಾಳೆ ದೀಪ ಬೆಳಗಲು ಹಣ್ಣಿನ ನಾರು ಕೇಳಿಕೊಂಡು ಬಂದರು. ಬಾಣಂತಿಗೆ ಎರೆಯುವ ನೀರಿಗೆ ಸೊಪ್ಪು, ಬಿಸಿಲು ಬಡಿದವನಿಗೆ ಬೆಲ್ಲ ಹಾಕಿದ ಪಾನಕ, ಕಾಲು ಉಳುಕಿದವನಿಗೆ ಉಪ್ಪು ಸೇರಿಸಿ ಕುದಿಸಿದ ಹಣ್ಣಿನ ಪಟ್ಟು. ತಳಿ ಎಂಬ ಊರಿನ ಕಡೆಯಿಂದ ಕಂಬಳಿ ನೇಯುವವರು ಚೀಲ ಹಿಡಿದು ಬಂದು ಬೀಜ ಒಯ್ಯುತ್ತಿದ್ದರು. ಬೀಜ ಹುರಿದು ನೆನೆಸಿ ರುಬ್ಬಿ ಬೇಯಿಸಿದ ಸರಿಯನ್ನು ನೂಲಿಗೆ ಬಳಿದರೆ ಕಂಬಳಿ ಗಡುಸಾಗಿ ಮಳೆನೀರು ಇಳಿಯುವುದಿಲ್ಲ. ಬೈರಮ್ಮನಿಂದ ಬೈಗುಳ ತಿನ್ನದೆ ಹೋಗುತ್ತಿದ್ದವರು ಅವರು ಮಾತ್ರ, ಯಾಕೆಂದರೆ ಅವರು ದೂರದವರು.

ಊರವರಿಗೆ ಬೈರಮ್ಮ ಇಲ್ಲ ಎನ್ನುತ್ತಿರಲಿಲ್ಲ, ಸುಮ್ಮನೆ ಕೊಡುತ್ತಲೂ ಇರಲಿಲ್ಲ. "ತಗಾ, ಗಾಳಿ ಗ್ರಹ ಎಲ್ಡು ಸೇರೇ ಐತೆ. ಬೇಳೆ ಜೊತೆ ಚೆನ್ನಾಗ್ ಬೇಯ್ಸು" ಎಂದು ಮಡಿಲಿಗೆ ಹಾಕುವಳು. ಪಡೆದವರು ನಗುತ್ತಿರಲಿಲ್ಲ. ಪಿಳ್ಳಮ್ಮ ಮಾತ್ರ ಬರಲಿಲ್ಲ. ಅವಳ ಮೂರು ಮರಗಳನ್ನು ಮಗ ಕಡಿಸಿ ಇಟ್ಟಿಗೆ ಗೂಡಿಗೆ ಮಾರಿಕೊಂಡಿದ್ದ. ಅವಳೀಗ ಅಂಗಡಿಯಿಂದ ಪ್ಲಾಸ್ಟಿಕ್ ಪೊಟ್ಟಣದ ಹುಣಸೆ ತಂದು ಸಾರು ಮಾಡುತ್ತಿದ್ದಳು.

ಈಗ ಆವುಲಪ್ಪನ ವಿಷಯ. ಬೇವಿನಕಡ್ಡಿ ಜಗಿಯುತ್ತಿದ್ದ ಪಡ್ಡೆ ಬೆಳೆದು ಬೊಜ್ಜು ಬಂದ ಯಜಮಾನನಾಗಿದ್ದ. ಹೊಸ ಕಾರ್ಖಾನೆಗಳು ಬಂದಾಗ ಎರಡು ಎಕರೆ ಮಾರಿ, ಮನೆಯ ಹಿಂದೆ ಸಾಲಾಗಿ ಎಂಟು ರೂಮು ಕಟ್ಟಿಸಿದ. ಮೇಲೆ ಸಿಮೆಂಟು ಶೀಟು, ಒಳಗೆ ಕುಲುಮೆ. ಆದರೂ ಕರ್ನಾಟಕದಿಂದ ಕೆಲಸಕ್ಕೆ ಬಂದವರು ತುಂಬಿಕೊಂಡರು. ಚಾಮರಾಜನಗರದ ಕಡೆಯ ಮಾಲಿನಿ ಅವರಲ್ಲೊಬ್ಬಳು. ಅವಳ ಗಂಡ ಕುಮಾರೇಶ್ ಒಂದು ಕಾರ್ಖಾನೆಯಲ್ಲಿ ವೆಲ್ಡರ್, ಅವಳು ಇನ್ನೊಂದರಲ್ಲಿ ಕ್ವಾಲಿಟಿ ಚೆಕ್ಕಿಂಗ್. ಬಂದ ವಾರದಲ್ಲೇ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡ ಅವಳಿಗೆ ಬೈರಮ್ಮ ಪಟ್ಟು ಹಾಕಿದ್ದಳು. "ಕಂಪ್ನಿಲಿ ಕೂದ್ಲೆಳೆ ಯತ್ಯಾಸ ಕಂಡಿಡೀತೀಯಂತೆ, ಮುಂದ್ಗಡೆ ಇರೋ ಮೆಟ್ಲು ಕಾಣ್ಲಿಲ್ವಾ?" ಎಂದು ಬೈದುಕೊಂಡೇ ಹಾಕಿದ್ದಳು. ಮಾಲಿನಿ ನೋವಿನಲ್ಲೂ ಬಿದ್ದು ಬಿದ್ದು ನಕ್ಕಿದ್ದಳು. ಬೈದರೆ ನಗುವವಳನ್ನು ಬೈರಮ್ಮ ನೋಡಿದ್ದು ಅದೇ ಮೊದಲು.

ಆವುಲಪ್ಪನಿಗೆ ಇನ್ನೂ ನಾಲ್ಕು ರೂಮು ಬೇಕಾಗಿತ್ತು. ಅದಕ್ಕೆ ಅಡ್ಡವಾದದ್ದು ಕಾಂಪೌಂಡಿನೊಳಗೆ ಚಾಚಿದ ಹುಣಸೆ ಕೊಂಬೆ. ಕೊಂಬೆ ಕತ್ತರಿಸಿಕೋ ಎಂದಿದ್ದಳು ಬೈರಮ್ಮ. ಅವನಿಗೆ ಕೊಂಬೆ ಸಾಲದು, ಬೇರು ನೀರಿನ ಸಂಪಿನೊಳಕ್ಕೆ ನುಗ್ಗುತ್ತದೆ, ಎಲೆ ಟ್ಯಾಂಕಿಗೆ ಬೀಳುತ್ತದೆ, ಮರವೇ ಹೋಗಬೇಕು. ಊರಾಟ್ಚಿ, ಅಂದರೆ ಪಂಚಾಯ್ತಿ ಆಫೀಸಿಗೆ ಹೋಗಿ ತಮಿಳಿನಲ್ಲಿ ಅರ್ಜಿ ಬರೆಸಿಕೊಟ್ಟ. ಪರಿಶೀಲನೆಗೆ ಬಂದ ನೌಕರ ಮರ ಬೈರಮ್ಮನ ಪಟ್ಟಾ ಜಾಗದಲ್ಲೇ ಇದೆಯೆಂದು ಅದೇ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಬರೆದು, ಒಂದು ಲೋಟ ಪಾನಕ ಕುಡಿದು ಹೋದ.

ಸರ್ಕಾರದಿಂದ ಆಗದ್ದನ್ನು ಆವುಲಪ್ಪ ದೆವ್ವದಿಂದ ಮಾಡಿಸಲು ಹೊರಟ. ಕಳೆದ ಸಂಕ್ರಾಂತಿ ಮುಗಿದ ವಾರ ಎಲ್ಲಿಂದಲೋ ಒಬ್ಬ ಕಣಿ ಹೇಳುವವನನ್ನು ಕರೆತಂದ. ಕಪ್ಪು ಪಂಚೆ, ಕೈಗೆ ಮೊಳದುದ್ದ ದಾರಗಳು. ಊರವರ ಎದುರಿಗೆ ಆ ಮನುಷ್ಯ ಹುಣಸೆಮರವನ್ನು ಮೂರು ಸುತ್ತು ಬಂದು, ಕಣ್ಣು ಮುಚ್ಚಿ, ಮೈ ನಡುಗಿಸಿ, ಅಕಾಲದಲ್ಲಿ ಸತ್ತ ಗಂಡಸೊಬ್ಬ ಇದರಲ್ಲಿದ್ದಾನೆ, ರಕ್ತ ಸುರಿಸಿಕೊಂಡಿದ್ದಾನೆ, ಸೈಕಲ್ಲಿನ ಸದ್ದು ಕೇಳುತ್ತಿದೆ ಎಂದ.

ಬೈರಮ್ಮ ಮೊರದಲ್ಲಿ ರಾಗಿ ಕೇರುತ್ತ ಬಾಗಿಲಲ್ಲೇ ಇದ್ದಳು.

"ಸೈಕಲ್ ಸಮೇತ ಮರ ಅತ್ತವ್ನಾ?" ಎಂದಳು. "ನನ್ ಗಂಡ ಬದ್ಕಿದ್ದಾಗ ಏಣಿ ಅತ್ತಕ್ಕೇ ಎದ್ರೋನು. ಮನೆ ಎಂಚು ಕೈಯಾಡ್ಸೋಕೂ ನಾನೇ ಅತ್ಬೇಕಾಗಿತ್ತು. ಸತ್‌ಮ್ಯಾಕೆ ಮರ ಅತ್ತೋದು ಕಲ್ತ್‌ಬುಟ್ನಾ? ಯಾರಪ್ಪ ಕಲ್ಸಿದ್ದು, ನೀನಾ?"

ಕೆಲವರು ನಕ್ಕರು. ಕಣಿಯವನು ಇನ್ನೊಂದು ಸಲ ಮೈ ನಡುಗಿಸಿದ, ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಆದರೆ ಒಳಗೆ ಹೋದ ಬೈರಮ್ಮ ರಾಗಿಯನ್ನು ಕಲ್ಲಿನ ಸಮೇತ ಡಬ್ಬಕ್ಕೆ ಸುರಿದಳು. ರಮ್ಯ ಬಂದು ಕೇಳಿದಾಗ, "ಸತ್ತೋನನ್ನೂ ಬುಡಲ್ಲ ಬಡ್ಡೀಮಕ್ಳು" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು.

ಊರವರು ಕಣಿಯನ್ನು ಅರ್ಧ ನಂಬಿದರು, ಅರ್ಧ ಬಿಟ್ಟರು. ಹುಣಸೆ ಚಿಗುರು ಬೇಕಾದವರು ನಂಬದಿರುವುದೇ ಲೇಸೆಂದುಕೊಂಡರು. ಪೂರ್ತಿ ನಂಬಿದವರು ಯಾರೆಂದರೆ ಆವುಲಪ್ಪನ ಬಾಡಿಗೆಯವರು. ನಂಬಿಸಿದವನೂ ಅವನೇ. ಮರ ಕಡಿಸಲು ಬೆಂಬಲ ಸಿಗಲೆಂದು ಒಂದೊಂದು ರೂಮಿಗೂ ಹೋಗಿ, ಹೊತ್ತು ಮುಳುಗಿದ ಮೇಲೆ ಮರದ ಕೆಳಗೆ ಹಾಯಬೇಡಿ, ನಾನೇ ಸೈಕಲ್ ಬೆಲ್ಲು ಕೇಳಿದ್ದೇನೆ ಎಂದು ಹೇಳಿದ್ದ. ಎರಡನೇ ಶಿಫ್ಟು ಮುಗಿಸಿ ಬರುವವರಿಗೆ ಬಸ್ಸಿನಿಂದ ಇಳಿದರೆ ಇರುವುದು ಅದೊಂದೇ ದಾರಿ. ಅವರು ಯಾರೂ ಮರ ಕಡಿಸಿ ಎಂದು ಅರ್ಜಿ ಬರೆಯಲಿಲ್ಲ. ಗಂಟು ಮೂಟೆ ಕಟ್ಟಿಕೊಂಡು ಹೊಸೂರಿನ ಪಕ್ಕದ ಮತ್ತಿಗಿರಿಗೆ ಹೋದರು. ಫೆಬ್ರವರಿ ಮುಗಿಯುವುದರೊಳಗೆ ಎಂಟರಲ್ಲಿ ಏಳು ರೂಮು ಖಾಲಿ. ಉಳಿದದ್ದು ಮಾಲಿನಿ ಗಂಡಹೆಂಡಿರು ಮಾತ್ರ.

"ನಿಂಗೆ ಎದ್ರಿಕೆ ಆಗ್ಲಿಲ್ವಾ?" ಎಂದು ಬೈರಮ್ಮ ಕೇಳಿದಳು.

"ನಿಮ್ಮನೆಯವ್ರ ದೆವ್ವ ತಾನೇ ಆಂಟಿ? ನಿಮ್ ಜೊತೆ ಬಾಳ್ವೆ ಮಾಡಿದ್ ಮನುಷ್ಯ, ಯಾರ್ ತಂಟೆಗೂ ಬರಲ್ಲ ಬುಡಿ" ಎಂದಳು ಮಾಲಿನಿ.

ಬೈರಮ್ಮ ಅವಳನ್ನು ದುರುಗುಟ್ಟಿ ನೋಡಿ, ಒಂದು ಬೊಗಸೆ ಚಿಗುರು ಹೆಚ್ಚಿಗೆ ಹಾಕಿದಳು.

ಆವುಲಪ್ಪ ಮರದ ಕಡೆಗೆ ಫೋಕಸ್ ಲೈಟು ಹಾಕಿಸಿದ. ಬಾಗಿಲು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ. ಅದರಿಂದ ದೆವ್ವದ ಸುದ್ದಿ ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ಕಾರ್ಖಾನೆಗೆ ಆಳು ಒದಗಿಸುವ ಏಜೆಂಟು, ಆ ಊರಿಗೆ ಹುಡುಗಿಯರನ್ನು ಕಳಿಸುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ.

ಮಾರ್ಚಿನ ಒಂದು ಬೆಳಗ್ಗೆ ಆವುಲಪ್ಪ ಪಿಳ್ಳಮ್ಮನನ್ನು ಮುಂದೆ ಮಾಡಿಕೊಂಡು ಬೈರಮ್ಮನ ಮನೆಗೆ ಬಂದ. ತಮ್ಮನ ತಿಥಿ ಮುಗಿದ ಮೇಲೆ ಪಿಳ್ಳಮ್ಮ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಮುದುಕಿಯಾಗಿದ್ದಳು, ಮರದ ಕೆಳಗೆ ಬರುತ್ತಿದ್ದಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನೀನೊಂದ್ ಮಾತು ಯೋಳ್ಬೇಕಂತೆ ಕಣೇ" ಎಂದಳು ಪಿಳ್ಳಮ್ಮ. "ದೆವ್ವ ಗಿವ್ವ ಏನೂ ಇಲ್ಲಾ ಅಂತ. ನೀನ್ ಯೋಳಿದ್ರೆ ಜನ ನಂಬ್ತಾರಂತೆ."

"ನಾನು ಎಲ್ಡು ತಿಂಗ್ಳಿಂದ ಅದೇ ಯೋಳ್ತಾ ಇವ್ನಿ. ಐತೆ ಅಂದೋನು ಇವ್ನು. ಇವ್ನೇ ಯೋಳ್ಲಿ."

ಆವುಲಪ್ಪ ಪಿಳ್ಳಮ್ಮನ ಹಿಂದಿನಿಂದ ಮುಂದೆ ಬಂದ. "ನಾನ್ ಯೋಳಿದ್ರೆ ಯಾರೂ ನಂಬ್ತಾ ಇಲ್ಲ ಅಕ್ಕಾ."

"ನೀನು ನಿಜ ಯೋಳಿದ್ ದಿನ ನಂಬೋಕೆ ಜನಕ್ಕೆ ಅಭ್ಯಾಸ ಇಲ್ವಲ್ಲ, ಪಾಪ" ಎಂದಳು ಬೈರಮ್ಮ. ಆಮೇಲೆ ತುಟಿ ಸೊಟ್ಟ ಮಾಡಿ ಯೋಚಿಸಿದಳು. "ಒಂದ್ ಕೆಲ್ಸ ಮಾಡು. ದಿನಾ ಮಟಮಟ ಮಧ್ಯಾಹ್ನ ಊಟ ಆದ್‌ಮ್ಯಾಕೆ ಈ ಮರದ್ ಕೆಳ್ಗೆ ಮಂಚ ಆಕ್ಕಂಡು ಮನೀಕೊ. ಊರೆಲ್ಲ ನೋಡ್ಲಿ. ಹದಿನೈದ್ ದಿನ. ನೀನು ಸಾಯ್ದೆ ಇದ್ರೆ ದೆವ್ವ ಇಲ್ಲ ಅಂತ ಆಯ್ತದೆ."

"ಸತ್ರೆ?" ಎಂಬ ಮಾತು ಆವುಲಪ್ಪನ ಬಾಯಿಂದ ತಾನಾಗಿ ಬಂದುಬಿಟ್ಟಿತು.

ಬೈರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ತಾನೇ ಕಟ್ಟಿದ ಸುಳ್ಳು! ಕಣಿಯವನಿಗೆ ಪಾಪಯ್ಯನ ಸೈಕಲ್ಲಿನ ಸಂಗತಿ ಬಾಯಿಪಾಠ ಮಾಡಿಸಿದವನೇ ಇವನು. ಎಂಟು ರೂಮಿಗೆ ಎಂಟು ಸಲ ಅದನ್ನೇ ಹೇಳಿ ಹೇಳಿ ಈಗ ತಾನೇ ನಂಬಿಕೊಂಡು ನಿಂತಿದ್ದಾನೆ.

ಮಾರನೆಯ ದಿನ ಮಧ್ಯಾಹ್ನ ಆವುಲಪ್ಪನ ಹಗ್ಗದ ಮಂಚ ಹುಣಸೆಮರದ ಕೆಳಗೆ ಬಂತು. ಕೊರಳಿಗೆ ಎರಡು ತಾಯಿತ, ದಿಂಬಿನ ಕೆಳಗೆ ಕಬ್ಬಿಣದ ಕುಡುಗೋಲು. ಸುತ್ತಲಿನ ಜಗಲಿಗಳಲ್ಲಿ ಊರು ನೆರೆದಿತ್ತು. ಅವನು ಹೆಣದ ಹಾಗೆ ಕೈ ಎದೆಯ ಮೇಲಿಟ್ಟು ಮಲಗಿದ. ಹಣ್ಣು ಉದುರುವ ಕಾಲ. ಒಂದು ಹಣ್ಣು ತಪ್ಪನೆ ಹೊಟ್ಟೆಯ ಮೇಲೆ ಬಿದ್ದದ್ದೇ ತಡ, "ಅಮ್ಮೋ ಸಚ್ಚಿಪೋತಿನಿ" ಎಂದು, ಸತ್ತೇಹೋದೆ ಅಂತ, ತನ್ನ ಮನೆಮಾತು ತೆಲುಗಿನಲ್ಲಿ ಕೂಗಿ ಎದ್ದು ಕೂತ. ದಿನ್ನೇಹಳ್ಳಿ ಅಷ್ಟು ನಕ್ಕದ್ದನ್ನು ಬೈರಮ್ಮ ಈ ಜನ್ಮದಲ್ಲಿ ಕೇಳಿರಲಿಲ್ಲ.

ನಾಲ್ಕನೆಯ ದಿನದ ಹೊತ್ತಿಗೆ ನೋಡುವವರು ಬೇಸರವಾಗಿ ಮನೆಗಳಿಗೆ ಹೋದರು. ಅಂಗಳದಲ್ಲಿ ಆವುಲಪ್ಪ ಒಬ್ಬನೇ. ಬೈರಮ್ಮ ಹೆಬ್ಬಾಗಿಲ ಹಿಂದೆ ಕೂತು ಹಣ್ಣಿಗೆ ಉಪ್ಪು ಬೆರೆಸಿ ಗುಡಾಣಕ್ಕೆ ತುಂಬುತ್ತಿದ್ದಳು. ಹೊರಗೆ ಮಾತು ಕೇಳಿಸಿತು. ಮೊದಲು ಮಂತ್ರವೇನೋ ಎಂದುಕೊಂಡಳು. ಕಿವಿಗೊಟ್ಟಳು.

"ಪಾಪಣ್ಣಾ" ಎನ್ನುತ್ತಿದ್ದ ಆವುಲಪ್ಪ, ಕೊಂಬೆಗಳ ಕಡೆ ಮುಖ ಮಾಡಿ, ಪಿಸುದನಿಯಲ್ಲಿ. "ಪಾಪಣ್ಣಾ, ಸುಳ್ ಯೋಳ್‌ಬುಟ್ಟೆ ಕಣಣ್ಣಾ. ನೀನ್ ಒಳ್ಳೆಯವ್ನು. ನಂಗೆ ಸೈಕಲ್ ಅತ್ತೋದು ಕಲ್ಸಿದ್ದೇ ನೀನು, ಕ್ಯಾನಿಂದ ಒಂದೊಂದ್ ಲೋಟ ಆಲು ಕೊಡ್ತಿದ್ದೆ, ಯಾರ್ಗೂ ಯೋಳ್ಬ್ಯಾಡ ಅಂತಿದ್ದೆ. ಮನಸ್ಸಿಗಾಕ್ಕಬ್ಯಾಡ ಕಣಣ್ಣಾ."

ಬೈರಮ್ಮನ ಉಪ್ಪಿನ ಕೈ ಗುಡಾಣದೊಳಗೇ ನಿಂತಿತು. ಆ ಲೋಟದ ಹಾಲಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ದಿನಾ ಡೇರಿಯಲ್ಲಿ ಹಾಲು ಯಾಕೆ ಕಮ್ಮಿ ಬೀಳುತ್ತದೆಂದು ಗಂಡನನ್ನು ಎಷ್ಟು ಸಲ ಬೈದಿದ್ದಳೋ. ಅವನು ತಲೆ ಕೆರೆದುಕೊಂಡು, ದಾರಿ ಸರಿಯಿಲ್ಲ, ತುಳುಕುತ್ತದೆ ಎನ್ನುತ್ತಿದ್ದ. ಅವನು ಸತ್ತ ಮೇಲೆ ಊರಿನಲ್ಲಿ ಎಲ್ಲರೂ ಅವನ ಸಾವಿನ ಮಾತಾಡಿದ್ದರು, ಅವನ ದೆವ್ವದ ಮಾತಾಡಿದ್ದರು. ಅವನ ಜೊತೆ ಯಾರೂ ಮಾತಾಡಿರಲಿಲ್ಲ. ಇಷ್ಟು ವರ್ಷಕ್ಕೆ ಅವನನ್ನು ಒಳ್ಳೆಯವನೆಂದು ಕರೆದು ಮಾತಾಡಿಸಿದವನು ಈ ಸುಳ್ಳುಬುರುಕ, ಹೆದರುಪುಕ್ಕಲ, ಎಂಟು ಕುಲುಮೆಗಳ ಮಾಲೀಕ.

ಅವಳಿಗೆ ಅಳು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಉಪ್ಪಿನ ಕೈಯಲ್ಲಿ ಕಣ್ಣೊರೆಸಿಕೊಂಡು ಉರಿಯೆದ್ದು, ಬಚ್ಚಲಿಗೆ ಹೋಗಿ ಮುಖ ತೊಳೆದಳು. ಆಮೇಲೆ ಹೊಸ ಹಣ್ಣು ಕಿವುಚಿ, ಬೆಲ್ಲ, ಏಲಕ್ಕಿ ಹಾಕಿ ದೊಡ್ಡ ಲೋಟದಲ್ಲಿ ಪಾನಕ ತಂದು ಮಂಚದ ಕಾಲಿನ ಹತ್ತಿರ ಕುಕ್ಕಿದಳು.

"ಕುಡಿ. ಬಿಸ್ಲಿಗೆ ನೀನು ಗೊಟಕ್ ಅಂದ್ರೆ ಮತ್ತೆ ನನ್ ಮರದ್ ಮೇಲೇ ಬತ್ತದೆ."

ಆವುಲಪ್ಪ ಕುಡಿದ. ಲೋಟ ಕೊಡುವಾಗ, "ಅಕ್ಕಾ, ಅವತ್ತು ನಾನು ಕಡಿ ಅಂದಿದ್ದು..." ಎಂದು ಶುರುಮಾಡಿದ.

"ಬಾಯ್ ಮುಚ್ಕೊಂಡು ಮನೀಕೊ. ಇನ್ನೂ ಅನ್ನೊಂದ್ ದಿನ ಐತೆ."

ಅವತ್ತು ಅವನು ನಿಜವಾಗಿಯೂ ನಿದ್ದೆ ಮಾಡಿದ. ಗೊರಕೆ ಪಿಳ್ಳಮ್ಮನ ಜಗಲಿಗೆ ಕೇಳಿಸಿತು. ಏಜೆಂಟು ಒಂದು ಮಧ್ಯಾಹ್ನ ಬಂದು ಮಂಚವನ್ನೂ ಮನುಷ್ಯನನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದ. ಮಾಲಿನಿ ತನ್ನ ಲೈನಿನ ಹುಡುಗಿಯರಿಗೆ ಹೇಳಿದಳು. ಮೇ ತಿಂಗಳಿನಲ್ಲಿ ನಾಲ್ಕು ರೂಮು ತುಂಬಿದವು, ಜೂನಿನಲ್ಲಿ ಎಲ್ಲವೂ. ಮರ ಕಡಿಯುವ ಮಾತನ್ನು ಆವುಲಪ್ಪ ಮತ್ತೆ ಎತ್ತಲಿಲ್ಲ. ಹೊಸ ರೂಮುಗಳನ್ನು ಮನೆಯ ಇನ್ನೊಂದು ಪಕ್ಕಕ್ಕೆ ಕಟ್ಟಿಸಿದ.

ಆದರೆ ಹದಿನೈದು ದಿನ ಮುಗಿದರೂ ಮಂಚ ಜಾಗ ಬಿಟ್ಟು ಕದಲಲಿಲ್ಲ. ಆವುಲಪ್ಪನ ಮನೆಯ ಮೇಲೂ ಸಿಮೆಂಟು ಶೀಟೇ, ಒಳಗೂ ಕುಲುಮೆಯೇ. ನಲವತ್ತು ಡಿಗ್ರಿ ಬಿಸಿಲಿನಲ್ಲೂ ತಣ್ಣಗಿರುವ ನೆರಳಿನ ರುಚಿ ಹತ್ತಿದ ಮನುಷ್ಯ ಊಟವಾದ ಕೂಡಲೇ ದಿಂಬು ಕಂಕುಳಲ್ಲಿಟ್ಟುಕೊಂಡು ಬರುತ್ತಾನೆ. ಕುಡುಗೋಲು ತರುವುದನ್ನು ಬಿಟ್ಟಿದ್ದಾನೆ. ಬರುವಾಗ ಒಂದು, ಹೋಗುವಾಗ ಒಂದು ಬೈಗುಳ ತಿನ್ನುತ್ತಾನೆ. ಬೊಜ್ಜಿನ ಬಗ್ಗೆ ಒಂದು ದಿನ, ಗೊರಕೆಯ ಬಗ್ಗೆ ಒಂದು ದಿನ, ಬಾಡಿಗೆಯವರಿಗೆ ಅವನು ಬಿಡುವ ಮಣ್ಣುನೀರಿನ ಬಗ್ಗೆ ಒಂದು ದಿನ. ನೀರಿನ ವಿಷಯ ಒಂದು ವಾರ ಬಿಡದೆ ಬೈದ ಮೇಲೆ ಟ್ಯಾಂಕು ತೊಳೆಸಿದ.

ವಾರದ ರಜೆಯ ದಿನ ಮನೆಯಲ್ಲಿದ್ದ ರಮ್ಯ ಕಿಟಕಿಯಿಂದ ಇದನ್ನು ನೋಡಿ, "ಏನಮ್ಮ ಇದು, ನಮ್ಮ ಅಂಗ್ಳನಾ ಅವ್ರ ಬೆಡ್‌ರೂಮಾ? ಓಡ್ಸು ಆಚೆಗೆ" ಎಂದಳು.

ಬೈರಮ್ಮ ಎಡಗಣ್ಣು ಮುಚ್ಚಿ ಹೊರಗೆ ನೋಡಿದಳು. ಆವುಲಪ್ಪ ಬಾಯಿ ತೆರೆದುಕೊಂಡು ಮಲಗಿದ್ದ, ಗಲ್ಲದ ಮೇಲೆ ಎರಡು ಹುಣಸೆ ಎಲೆ ಅಂಟಿದ್ದವು.

"ಇರ್ಲಿ ಬುಡು" ಎಂದಳು. "ಈ ವಯಸ್ನಲ್ಲಿ ಬೈಯೋಕೆ ಊರೆಲ್ಲ ಸುತ್ತಕ್ಕಾಗಲ್ಲ ನಂಗೆ. ಒಬ್ನಾದ್ರೂ ತಾನಾಗೇ ಮನೆಮುಂದಕ್ ಬಂದು ಬೀಳ್ತಾನೆ."